ಚೌಡಪ್ಪನ ಮೂರು ಹೆಜ್ಜೆ

ನಮ್ಮೂರಲ್ಲಿ ಮನುಷ್ಯ ಕಾಲವಾದರೂ ಅವನ ಕಾಲು ಅಷ್ಟು ಸುಲಭವಾಗಿ ಕಾಲವಾಗುವುದಿಲ್ಲ. ಸತ್ತವರು ಸವೆಸಿದ ಚಪ್ಪಲಿಯನ್ನು ಕಲ್ಲಿನಡಿ ಹೂತರೆ, ಆ ಕಲ್ಲು ತುಳಿದವರು ಮುಂದಿನ ಹನ್ನೆರಡು ಹೆಜ್ಜೆಯನ್ನು ಸತ್ತವರ ಹಾಗೆಯೇ ಹಾಕಬೇಕು. ಹನ್ನೆರಡು ಮುಗಿಯಿತೋ, ಅವರವರ ಕಾಲು ಅವರವರಿಗೆ. ಇದು ಯಾಕೆ ಹೀಗೆ ಎಂದು ಕೇಳುವವರು ಪರವೂರಿನವರು. ನಮಗೆ ಕೇಳಲು ಪುರುಸೊತ್ತಿಲ್ಲ. ಯಾರ ಮನೆಯ ಹೊಸ್ತಿಲು ತುಳಿಯಬೇಕು, ಯಾರದನ್ನು ಹಾರಬೇಕು ಎಂದು ಯೋಚಿಸುವುದರಲ್ಲೇ ದಿನ ಹೋಗುತ್ತದೆ. ಹೆಣ್ಣು ನೋಡಲು ಹೋದವರು ಮೊದಲು ಹೊಸ್ತಿಲು ನೋಡುತ್ತಾರೆ. ಸತ್ತ ಅತ್ತೆಯ ಚಪ್ಪಲಿ ಮುಂಬಾಗಿಲಲ್ಲಿದ್ದರೆ ಸೊಸೆ ಜೀವಮಾನವಿಡೀ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಾಳೆ. ಪುರಸಭೆಯ ಮೆಟ್ಟಿಲಡಿ ಯಾವನೋ ಹಳೇ ಗುಮಾಸ್ತನ ಮೆಟ್ಟು ಇದೆಯೆಂದು ಪ್ರತೀತಿ. ಎಂಥ ಚುರುಕಿನವನು ಕೆಲಸಕ್ಕೆ ಸೇರಿದರೂ ಮೆಟ್ಟಿಲು ಹತ್ತಿದ ಕೂಡಲೇ ಸೀದಾ ಕ್ಯಾಂಟೀನಿನ ಕಡೆಗೆ ತಿರುಗುತ್ತಾನೆ. ಅಗೆದು ನೋಡಿದವರ ಪ್ರಕಾರ ಅಲ್ಲಿ ಮೆಟ್ಟೂ ಇಲ್ಲ, ಮಣ್ಣೂ ಇಲ್ಲ. ಇರಲಿ.

ಕೆಲವು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮ ಊರಿನ ಹೆಸರಾಂತ ಕುಡುಕನೊಬ್ಬನ ಹವಾಯಿ ಚಪ್ಪಲಿಯನ್ನು ಬಸ್ ನಿಲ್ದಾಣದ ಬಾಗಿಲಲ್ಲಿ ಹೂತಿಟ್ಟ. ಒಂದು ತಿಂಗಳು ಊರಿಗೆ ಊರೇ ತೂರಾಡುತ್ತ ಬಸ್ಸು ಹತ್ತಿತು. ಡ್ರೈವರನೂ ಹಾಗೇ ಹತ್ತಿದ್ದನ್ನು ಕಂಡು ಜನ ಇಳಿದರು. ಅಂದಿನಿಂದ ಪುರಸಭೆಯ ಕಟ್ಟಪ್ಪಣೆ: ಸಾರ್ವಜನಿಕ ಜಾಗದಲ್ಲಿ ಯಾರೂ ಅಪ್ಪಣೆಯಿಲ್ಲದೆ ಯಾವ ಪಾದರಕ್ಷೆಯನ್ನೂ ಹೂಳತಕ್ಕದ್ದಲ್ಲ. ಸ್ವಂತ ಮನೆಯಿದ್ದವರು ಹೊಸ್ತಿಲಲ್ಲಿ ಹೂತುಕೊಳ್ಳಬಹುದು. ಬಾಡಿಗೆಯವರು ಸತ್ತರೆ ಅವರ ನಡಿಗೆಯೂ ಅವರ ಜೊತೆಗೇ.

ಇನ್ನು ನಾನು. ಪಾಲಾಕ್ಷ, ಬಿ.ಎ. ಆಟೋಗೆ ಮೈಕು ಕಟ್ಟಿಕೊಂಡು ಊರಿಗೆ ಸುದ್ದಿ ಸಾರುವುದು ನನ್ನ ಕಸುಬು. ನಲ್ಲಿಗೆ ನೀರು ಬಿಡುವ ಸುದ್ದಿಯನ್ನು ಪುರಸಭೆ ಅಧ್ಯಕ್ಷರ ದನಿಯಲ್ಲಿ ಹೇಳುತ್ತೇನೆ, ನಿಲ್ಲಿಸುವ ಸುದ್ದಿಯನ್ನು ಅವರ ಎದುರಾಳಿಯ ದನಿಯಲ್ಲಿ. ಇಬ್ಬರೂ ನನ್ನನ್ನು ಬೈಯುತ್ತಾರೆ, ಇಬ್ಬರೂ ಚುನಾವಣೆಗೆ ನನ್ನನ್ನೇ ಕರೆಯುತ್ತಾರೆ. ದನಿಯನ್ನು ಅನುಕರಿಸಲು ಪ್ರತಿಭೆ ಬೇಕು, ನಡಿಗೆಯನ್ನು ಅನುಕರಿಸಲು ನಮ್ಮೂರಲ್ಲಿ ಒಂದು ಕಲ್ಲು ಸಾಕು ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಪಕ್ಕದೂರಿನವರು ತಮ್ಮ ಪಾರ್ಕಿನಲ್ಲಿ ಹಳೇ ಫಿರಂಗಿಯೊಂದನ್ನು ತಂದು ನಿಲ್ಲಿಸಿದರು. ಅದರ ಬಾಯಲ್ಲಿ ಅಳಿಲು ಸಂಸಾರ ಹೂಡಿತು, ಆದರೂ ಫಿರಂಗಿ ಫಿರಂಗಿಯೇ. ನಮ್ಮ ಪಾರ್ಕ್ ಸಮಿತಿಗೆ ನಿದ್ದೆ ಹತ್ತಲಿಲ್ಲ. ಸಮಿತಿಯ ಅಧ್ಯಕ್ಷರು ಅಕ್ಕಿ ಗಿರಣಿಯ ತಿಪ್ಪೇರುದ್ರಪ್ಪನವರು. ಅವರ ಮಾತಿನಲ್ಲಿ ‘ಏನಪ್ಪಾ ಅಂತಂದ್ರೆ’ ಎನ್ನುವುದು ಗಿರಣಿಯ ಬೆಲ್ಟಿನ ಹಾಗೆ ಸುತ್ತಿ ಸುತ್ತಿ ಬರುತ್ತದೆ.

“ನಮ್ಮ ಯೋಜನೆ ಏನಪ್ಪಾ ಅಂತಂದ್ರೆ, ಮಾಜಿ ಸೈನಿಕರ ಸ್ಮರಣಪಥ. ಪಾರ್ಕಿನ ಒಳಗೆ ಉದ್ದಕ್ಕೂ ಎಂಟು ಚಪ್ಪಡಿ ಕಲ್ಲು. ಏಳರ ಕೆಳಗೆ ತೀರಿಕೊಂಡ ನಮ್ಮೂರ ಏಳು ಸೈನಿಕರ ಬೂಟು. ಜನ ಬೆಳಗ್ಗೆ ವಾಕಿಂಗಿಗೆ ಬರ್ತಾರೆ, ಕಲ್ಲು ತುಳೀತಾರೆ, ಏನಪ್ಪಾ ಅಂತಂದ್ರೆ, ಎದೆ ಸೆಟೆಸಿ ಸೈನಿಕರ ಥರ ನಡೀತಾರೆ! ಹೊಟ್ಟೆಯೂ ಕರಗುತ್ತೆ, ದೇಶಭಕ್ತಿಯೂ ಊದುತ್ತೆ.”

“ಎಂಟನೇ ಕಲ್ಲು?” ಎಂದೆ.

“ಅದು ಹೆಸರಿಲ್ಲದ ವೀರನಿಗೆ. ಎಲ್ಲಾ ಊರಲ್ಲೂ ಒಂದು ಇರುತ್ತಂತೆ. ನಮ್ಮಲ್ಲಿ ಇಲ್ಲ ಅಂದ್ರೆ ಮರ್ಯಾದೆ ಪ್ರಶ್ನೆ.”

“ಅದರ ಕೆಳಗೆ ಯಾರ ಬೂಟು ಸಾರ್?”

“ಆಮೇಲೆ ನೋಡೋಣ ಬಿಡಯ್ಯ. ಹೆಸರಿಲ್ಲದವನ ಮನೆಯವರು ಜಗಳಕ್ಕಂತೂ ಬರಲ್ಲ.”

ನನಗೆ ಕನ್ನಡ ಬರುತ್ತದೆ ಮತ್ತು ಆಟೋ ಇದೆ ಎಂಬ ಎರಡು ಅರ್ಹತೆಗಳ ಮೇಲೆ ನಾನು ಕಾರ್ಯದರ್ಶಿಯಾದೆ. ಸಮಿತಿಯಲ್ಲಿ ನಿಜವಾಗಿ ಸೈನ್ಯದಲ್ಲಿದ್ದವರು ಒಬ್ಬರೇ, ಶರೀಫ್ ಸಾಬರು. ಅವರ ಕೆಲಸ ಫೋಟೋ ತೆಗೆಯುವಾಗ ನಡುವೆ ಕೂರುವುದು.

ಸ್ಮರಣಪಥದ ಸುದ್ದಿಯನ್ನು ನಾನು ಮೈಕಿನಲ್ಲಿ ಸಾರಿದ ಮರುದಿನವೇ ಹೊನ್ನೂರಮ್ಮ ನನ್ನ ಆಟೋಗೆ ಅಡ್ಡ ನಿಂತಳು. ಅರವತ್ತೈದು ದಾಟಿದ ಹೆಂಗಸು, ಕೈಯಲ್ಲಿ ಸಂತೆಯ ಚೀಲ, ಕಂಕುಳಲ್ಲಿ ಹಳೇ ಟವೆಲಿನಲ್ಲಿ ಸುತ್ತಿದ ಗಂಟು. ಬಿಚ್ಚಿದಳು. ಒಂದು ಜೊತೆ ಬೂಟು. ಬೂಟು ಎನ್ನುವುದೂ ಮರ್ಯಾದೆಗೇ. ಬಲಗಾಲಿನದರ ಅಟ್ಟೆ ಬಾಯಿ ಬಿಟ್ಟಿತ್ತು, ಎಡಗಾಲಿನದರ ಹಿಮ್ಮಡಿಯನ್ನು ಇಲಿ ರುಚಿ ನೋಡಿತ್ತು.

“ಇವನ್ನೂ ಹಾಕ್ಸಪ್ಪಾ,” ಎಂದಳು. “ಆರು ವರ್ಷದಿಂದ ಮೊಳೆಗೆ ನೇತು ಹಾಕಿದೀನಿ. ವಠಾರದ ಓನರ್ರು ಹೊಸ್ತಿಲಲ್ಲಿ ಹೂಳೋಕೆ ಬಿಡಲಿಲ್ಲ. ಮುಂದೆ ಬರೋ ಬಾಡಿಗೆದಾರರು ಮೂರು ಹೆಜ್ಜೆಗೊಂದ್ಸಲ ನಿಂತ್ರೆ ಏನ್ಮಾಡ್ಲಿ ಅಂತಾನೆ. ಈ ಮಳೆಗಾಲ ದಾಟಲ್ಲ ಇವು. ಚರ್ಮ ಹೋದ್ರೆ ನಡಿಗೆನೂ ಹೋಯ್ತು.”

ಅವಳ ಗಂಡ ಚೌಡಪ್ಪನನ್ನು ಊರು ‘ಮೂರೆಜ್ಜೆ ಚೌಡಪ್ಪ’ ಎಂದೇ ಕರೆಯುತ್ತಿತ್ತು. ವಾಮನನಿಗೆ ಮೂರು ಹೆಜ್ಜೆಗೆ ಮೂರು ಲೋಕ ಸಿಕ್ಕಿತು, ಇವನಿಗೆ ಒಂದು ಅಡ್ಡಹೆಸರು. ಸೈನ್ಯದಲ್ಲಿ ಹದಿಮೂರು ವರ್ಷ ಅವನು ಮಾಡಿದ್ದು ಹೇಸರಗತ್ತೆಗಳ ಮೇಲೆ ಮೂಟೆ ಹೇರಿ ಬೆಟ್ಟದ ನೆತ್ತಿಯ ಠಾಣೆಗಳಿಗೆ ಹತ್ತಿಸುವ ಕೆಲಸ. ಮೂರು ಹೆಜ್ಜೆ, ನಿಲ್ಲುವುದು, ಹಿಂದಿರುಗಿ ನೋಡುವುದು. ಮತ್ತೆ ಮೂರು. ಊರಿಗೆ ಬಂದು ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಆದ ಮೇಲೂ, ಹಿಂದೆ ಕತ್ತೆಯಿರಲಿ ನಾಯಿಯೂ ಇಲ್ಲದಿದ್ದಾಗಲೂ, ಅದೇ ನಡಿಗೆ.

“ದೊಡ್ಡಮ್ಮ,” ಎಂದೆ, “ನಿನಗೆ ನೋಡಬೇಕು ಅನ್ನಿಸಿದರೆ ಅಂಗಳದಲ್ಲೇ ಒಂದು ಕಲ್ಲಿನಡಿ ಇಟ್ಟುಕೊಂಡು ತುಳಿದುಬಿಡು. ಯಾರಿಗೆ ಗೊತ್ತಾಗುತ್ತೆ?”

“ದಡ್ಡ. ನಾನೇ ತುಳಿದ್ರೆ ನಾನು ಹೆಂಗೋ ನೋಡ್ಲಿ? ನಾನು ಹಿಂದೆ ಇರ್ಬೇಕು. ಇಪ್ಪತ್ತೆಂಟು ವರ್ಷ ಅವರ ಹಿಂದೆ ಹಿಂದೆನೇ ನಡೆದಿರೋದು ನಾನು. ಒಂದ್ಸಲ, ಒಂದೇ ಒಂದ್ಸಲ, ಮುಂದೆ ಯಾರಾದ್ರೂ ಅವರಂಗೆ ಹೋಗ್ಬೇಕು. ಯಾರಾದ್ರೂ ಸರಿ. ಆಮೇಲೆ ಇಲಿ ತಿನ್ಲಿ.” ಗಂಟು ಕಟ್ಟುತ್ತ ಆಕೆ ನನ್ನ ಸೀಟಿನ ಪಕ್ಕದತ್ತ ನೋಡಿದಳು. “ಆ ಟಿಫನ್ ಡಬ್ಬಿ ಇನ್ನೂ ಇಟ್ಕೊಂಡಿದೀಯಲ್ಲ.”

ಇಟ್ಟುಕೊಂಡಿದ್ದೆ. ಕಾಲೇಜಿನ ಪ್ರತಿಭಾ ದಿನಾಚರಣೆಯಲ್ಲಿ ನನಗೆ ಬಂದ ಮೊದಲ ಬಹುಮಾನ ಅದು. ನಾನು ಅಂದು ವೇದಿಕೆಯ ಮೇಲೆ ಮಾಡಿ ತೋರಿಸಿದ್ದು ಚೌಡಪ್ಪನ ನಡಿಗೆ. ಮೂರು ಹೆಜ್ಜೆ, ಠಕ್ಕನೆ ನಿಂತು ಕತ್ತು ಹೊರಳಿಸುವುದು, ಜೊತೆಗೆ ನನ್ನ ಸ್ವಂತ ಸೇರ್ಪಡೆಯಾಗಿ ಒಂದು ಕತ್ತೆಯ ಅರಚು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಚೌಡಪ್ಪ ಹಿಂದಿನ ಬಾಗಿಲಲ್ಲಿ ಲಾಠಿ ಹಿಡಿದು ನಿಂತಿದ್ದ. ಸಂಜೆ ಗೇಟು ದಾಟುವಾಗ ಮುಖ ತಪ್ಪಿಸಿಕೊಂಡು ಹೋಗುತ್ತಿದ್ದ ನನ್ನನ್ನು ತಾನೇ ಕರೆದು, “ಚೆನ್ನಾಗಿ ಮಾಡ್ದೆ ಕಣಪ್ಪಾ. ಕೈ ಮರೆತೆ,” ಎಂದ. ಕೈಯೇನು, ಕಾಲಿನ ಕಲೆ ಇದು ಎಂದುಕೊಂಡು ನಾನು ಡಬ್ಬಿ ಎತ್ತಿಕೊಂಡು ಮನೆಗೆ ಹೋಗಿದ್ದೆ.

ಸಮಿತಿಯ ಮುಂದೆ ಬೂಟಿನ ಮಾತೆತ್ತಿದೆ. ತಿಪ್ಪೇರುದ್ರಪ್ಪನವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಉತ್ತರ ‘ಆಗಲ್ಲ’ ಎಂದರ್ಥ.

“ಹೇಸರಗತ್ತೆ ಹೊಡೆದವನನ್ನ ವೀರ ಅನ್ನೋಕಾಗುತ್ತೇನಯ್ಯ? ಕಲ್ಲಿನ ಮೇಲೆ ಏನಂತ ಕೆತ್ತಿಸ್ತೀಯ? ಇವರು ಕತ್ತೆ ಕಾಯ್ದರು ಅಂತಲಾ?”

“ಸಾರ್,” ಎಂದರು ಶರೀಫ್ ಸಾಬರು, ಆ ವರ್ಷ ಮೊದಲ ಸಲ ಬಾಯಿ ತೆರೆದು, “ಆ ಕತ್ತೆ ಬರದಿದ್ರೆ ಮೇಲೆ ನಮಗೆ ರೊಟ್ಟಿ ಇರ್ತಿರಲಿಲ್ಲ.”

“ಬಹಳ ಒಳ್ಳೇ ಮಾತು. ಪಾಲಾಕ್ಷ, ಅದನ್ನ ನಡಾವಳಿಯಲ್ಲಿ ಬರ್ಕೋ.” ಬರೆದುಕೊಂಡೆ. ನಮ್ಮಲ್ಲಿ ಒಳ್ಳೆಯ ಮಾತನ್ನು ಹೂಳುವ ಜಾಗಕ್ಕೆ ನಡಾವಳಿ ಎಂದು ಹೆಸರು.

ಉದ್ಘಾಟನೆಗೆ ಹದಿನೈದು ದಿನ ಮೊದಲು ತಾಲೀಮು ನಡೆಯಿತು. ಕಲ್ಲುಕುಟಿಗ ದಾಸಪ್ಪ ಏಳು ಮನೆಗಳಿಂದ ಬಂದ ಏಳು ಜೊತೆ ಬೂಟುಗಳನ್ನು ಏಳು ಚಪ್ಪಡಿಗಳಡಿ ಇಟ್ಟು ಮುಗಿಸಿದ್ದ. ಅಧ್ಯಕ್ಷರು ಗರಿಗರಿ ಬಿಳಿ ಪಂಚೆಯುಟ್ಟು ಮೊದಲ ಕಲ್ಲು ತುಳಿದರು. ಅದು ಸುಬೇದಾರ್ ಕೊಟ್ರಬಸಪ್ಪನವರದು. ಕ್ಷೌರದಂಗಡಿಯಲ್ಲಿ ಕೂತು ಶತ್ರುಗಳನ್ನು ಡಜನ್ ಲೆಕ್ಕದಲ್ಲಿ ಕೆಡವುತ್ತಿದ್ದ ಮಹಾನುಭಾವರು. ಅಧ್ಯಕ್ಷರು ಎದೆಯುಬ್ಬಿಸಿ ಎರಡು ಹೆಜ್ಜೆ ಹಾಕಿದರು. ಮೂರನೆಯದಕ್ಕೆ ದೊಪ್ಪನೆ ಬೋರಲು ಬಿದ್ದರು. ನಾವು ಓಡಿಹೋಗುವಷ್ಟರಲ್ಲಿ ಅವರು ಮೊಣಕೈಯೂರಿ ತೆವಳತೊಡಗಿದ್ದರು. ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು, ಪಂಚೆಯನ್ನು ಹಿಂದೆ ಬಿಟ್ಟು. ಎರಡನೇ ಕಲ್ಲಿಗೆ ಎದ್ದು ನಿಂತರು, ಆದರೆ ಅಲ್ಲಿಂದ ತುದಿಗಾಲಲ್ಲಿ, ನೆಲದ ತುಂಬ ಮೊಟ್ಟೆ ಹರಡಿದೆಯೇನೋ ಎನ್ನುವ ಹಾಗೆ ಬೆರಳಿನಿಂದ ಮುಟ್ಟಿ ಮುಟ್ಟಿ ನಡೆದರು. ಮೂರನೆಯದಕ್ಕೆ ಕುಂಟಿದರು. ನಾಲ್ಕನೆಯದಕ್ಕೆ ಬೇಲಿಗೆ ಬೆನ್ನು ಹಚ್ಚಿ ಅಡ್ಡಡ್ಡ ಸರಿದರು. ಐದನೇ ಕಲ್ಲು ತುಳಿಯದೆ ಹುಲ್ಲಿನ ಮೇಲೆ ಹಾರಿ, ಬೆಂಚಿನಲ್ಲಿ ಕುಸಿದು ಕೂತರು.

ಶರೀಫ್ ಸಾಬರು ಹತ್ತಿರ ಹೋಗಿ ಅವರ ಪಂಚೆಯನ್ನು ಮಡಿಚಿ ಕೈಗೆ ಕೊಟ್ಟರು. “ಸರಿಯಾಗೇ ನಡೆದ್ರಿ ಸಾರ್. ಅಲ್ಲಿ ಹಂಗೇ ನಡೀತಿದ್ವಿ.”

ಅಂದೇ ತುರ್ತು ಸಭೆ. ಉದ್ಘಾಟನೆಗೆ ಜಿಲ್ಲೆಯಿಂದ ದೊಡ್ಡ ಸಾಹೇಬರು ಬರುವವರಿದ್ದರು. “ಅವರನ್ನ ಕರೆಸಿ, ಏನಪ್ಪಾ ಅಂತಂದ್ರೆ, ಹೊಟ್ಟೆ ಮೇಲೆ ತೆವಳಿಸೋಕಾಗುತ್ತಾ? ಇವರೆಲ್ಲ ಸೈನಿಕರು ಸರಿ. ಆದ್ರೆ ಸೈನಿಕರ ಥರ ಇಲ್ಲ.” ಹಾಗಾದರೆ ಸೈನಿಕರ ಥರ ಇದ್ದವರು ಯಾರು? ಸಭೆ ಯೋಚಿಸಿತು. ಎರಡು ಕಪ್ ಕಾಫಿಯ ನಂತರ ಯಾರಿಗೋ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಏಕನಾಥರಾಯರ ನೆನಪಾಯಿತು. ಆಹಾ, ಏನು ನಡಿಗೆ ಅವರದು! ಬೆನ್ನು ನೆಟ್ಟಗೆ, ಗದ್ದ ಮೇಲೆ, ಎಡ ಬಲ ಎಡ ಬಲ. ಬಾಲ್ಯದಲ್ಲಿ ನಮ್ಮ ಎದೆಯೇ ನಡುಗುತ್ತಿತ್ತು. ಪ್ರತಿ ಆಗಸ್ಟ್ ಹದಿನೈದಕ್ಕೆ ಹೊಸ ಬೂಟು ಕೊಂಡು ವರ್ಷವಿಡೀ ಸವೆಸುತ್ತಿದ್ದರು. ತೀರಿಕೊಂಡು ಎರಡು ವರ್ಷವಾಗಿದ್ದರೂ ಹತ್ತಾರು ಜೊತೆ ಅವರ ಟ್ರಂಕಿನಲ್ಲಿ ಸಾಲಾಗಿ ಅಟೆನ್ಷನ್ನಿನಲ್ಲಿ ನಿಂತಿದ್ದವು. ರಾಯರು ತಾಲೂಕಿನ ಗಡಿ ದಾಟಿದ್ದು ಕ್ರೀಡಾಕೂಟಕ್ಕೆ ಮಾತ್ರ, ಯುದ್ಧ ಮಾಡಿದ್ದು ಹೆಡ್ ಮೇಷ್ಟ್ರ ಜೊತೆ ಮಾತ್ರ. ಆದರೇನು, ಹೀಗೆ ಒಬ್ಬ ಡ್ರಿಲ್ ಮೇಷ್ಟ್ರು ಸರ್ವಾನುಮತದಿಂದ ಎಂಟು ಜನ ವೀರರಾದರು.

ಸರ್ವಾನುಮತ ಎಂದರೆ ಒಂದು ಮತ ಎದ್ದು ಹೊರಗೆ ಹೋದ ಮೇಲೆ. ಬಾಗಿಲಲ್ಲಿ ಶರೀಫ್ ಸಾಬರು ತಿರುಗಿ ಹೇಳಿದರು: “ನಾನು ಸತ್ತ ಮೇಲೆ ನನ್ನ ಬೂಟು ಕೇಳೋಕೆ ಮನೆ ಹತ್ರ ಬರಬೇಡಿ. ಮೇಷ್ಟ್ರದು ಇನ್ನೊಂದು ಜೊತೆ ಇದ್ದೇ ಇರುತ್ತೆ.”

ನಿಜವಾದ ಏಳು ಜೊತೆ ಬೂಟುಗಳನ್ನು ಗೌರವಪೂರ್ವಕವಾಗಿ ಗೋಣಿಚೀಲಕ್ಕೆ ತುಂಬಿ ಪಾರ್ಕಿನ ಪಂಪಿನ ಕೋಣೆಯಲ್ಲಿ ಇಡಲಾಯಿತು. ‘ಗೌರವಪೂರ್ವಕವಾಗಿ’ ಎಂಬ ಪದ ನಡಾವಳಿಯಲ್ಲಿ ನನ್ನದೇ ಸೇರ್ಪಡೆ, ವೇದಿಕೆಯ ಮೇಲಿನ ಕತ್ತೆಯ ಅರಚಿನ ಹಾಗೆ.

ಹೊನ್ನೂರಮ್ಮನಿಗೆ ‘ಆಗಲಿಲ್ಲ’ ಎಂದು ಹೇಳಲು ಹೋದೆ. ಆಕೆ ಬಾಗಿಲಲ್ಲಿ ಕೂತು ಬೂಟಿಗೆ ಹರಳೆಣ್ಣೆ ಸವರುತ್ತಿದ್ದಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಕತ್ತೆ ಅಂದ್ರಾ?”

“ಹೂಂ.”

“ಎಲ್ರೂ ಅದನ್ನೇ ಅನ್ನೋದು. ಕತ್ತೆ ನೋಡೋ ಚಾಳಿ, ಊರಿಗೆ ಬಂದ್ರೂ ಬಿಡಲಿಲ್ಲ ಅಂತ. ಆ ಕತ್ತೆಗಳೆಲ್ಲ ಅಲ್ಲೇ ಬೆಟ್ಟದಲ್ಲಿ ಉಳಿದ್ವಪ್ಪಾ. ಇಲ್ಲಿ ಅವರ ಹಿಂದೆ ಇದ್ದಿದ್ದು ನಾನು. ಮೂರು ಹೆಜ್ಜೆಗೊಂದ್ಸಲ ಹೆಂಡ್ತಿ ಬರ್ತಾ ಇದ್ದಾಳಾ ಅಂತ ತಿರುಗಿ ನೋಡೋ ಗಂಡಸು ಈ ಊರಲ್ಲಿ ಇನ್ನೊಬ್ಬ ಇದ್ರೆ ತೋರಿಸು. ನಿಮ್ಮ ಅಧ್ಯಕ್ಷರ ಹೆಂಡ್ತಿ ಜಾತ್ರೇಲಿ ಕಳೆದುಹೋಗಿ, ಅವರಿಗೆ ಗೊತ್ತಾಗಿದ್ದು ಮಾರನೇ ದಿನ, ಊಟಕ್ಕೆ ಕೂತಾಗ.”

ನಾನು ನಕ್ಕೆ. ಆಕೆ ನಗಲಿಲ್ಲ. ಬೂಟಿನ ಬಾಯಿಬಿಟ್ಟ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಬಿಟ್ಟೊಡನೆ ಅದು ಮತ್ತೆ ಬಾಯಿ ತೆರೆಯಿತು.

“ಕೊಡು ಇಲ್ಲಿ,” ಎಂದೆ.

ಮರುದಿನ ಮಟಮಟ ಮಧ್ಯಾಹ್ನ, ಸಮಿತಿ ಊಟಕ್ಕೆ ಹೋಗಿದ್ದಾಗ, ಎಂಟನೇ ಕಲ್ಲಿನ ಗುಂಡಿಯ ಬಳಿ ದಾಸಪ್ಪನಿಗೆ ಗಂಟು ಬಿಚ್ಚಿ ಕೊಟ್ಟೆ. ಅವನು ಬೂಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇದು ಹೆಸರಿಲ್ಲದ ವೀರನ ಕಲ್ಲಲ್ವಾ? ಈ ಜೋಡಿಗೆ ಹೆಸರೈತಲ್ಲ.”

“ಕಲ್ಲಿನ ಮೇಲೆ ಇಲ್ಲವಲ್ಲ.”

“ಅದೂ ಸರಿ ಅನ್ನು.” ಗುಂಡಿಗಿಳಿದು ಬೂಟುಗಳನ್ನು ಪಕ್ಕಪಕ್ಕ ಇಟ್ಟ. “ಮೂತಿ ಗೇಟಿನ ಕಡೆಗೆ ತಾನೇ? ಉಲ್ಟಾ ಇಟ್ರೆ ಸಾಹೇಬರು ಹಿಮ್ಮುಖ ನಡ್ಕೊಂಡು ಕೊಳಕ್ಕೆ ಬೀಳ್ತಾರೆ.” ಆ ಸಾಧ್ಯತೆ ಒಂದು ಕ್ಷಣ ನನ್ನನ್ನು ಸೆಳೆಯಿತೆಂದು ಒಪ್ಪಿಕೊಳ್ಳುತ್ತೇನೆ. ಮೂತಿ ಗೇಟಿನ ಕಡೆಗೇ ಇರಲಿ ಎಂದೆ. ರಾಯರ ಎಂಟನೇ ಜೊತೆಯನ್ನು ಗೋಣಿಚೀಲಕ್ಕೆ ಹಾಕಿದೆ, ಗೌರವಪೂರ್ವಕವಾಗಿ.

ಉದ್ಘಾಟನೆಯ ಬೆಳಿಗ್ಗೆ ಪಾರ್ಕಿಗೆ ಪಾರ್ಕೇ ತುಂಬಿತ್ತು. ಸಾಹೇಬರು ಟೇಪು ಕತ್ತರಿಸಿದರು. ದಾರಿ ಕಿರಿದು, ಸಾಲಾಗಿ ಒಬ್ಬರ ಹಿಂದೊಬ್ಬರು: ಮೊದಲು ಸಾಹೇಬರು, ಅವರ ಹಿಂದೆ ತಿಪ್ಪೇರುದ್ರಪ್ಪನವರು, ಅವರ ಹಿಂದೆ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದ ಸಮಿತಿಯವರು, ಎಲ್ಲರ ಹಿಂದೆ ಮೈಕು ಹಿಡಿದ ನಾನು. ಹೊನ್ನೂರಮ್ಮನಿಗೆ ಕಿವಿಯಲ್ಲಿ ಹೇಳಿದ್ದೆ: ಏನೇ ಆಗಲಿ, ನನ್ನ ಹಿಂದೆ ಬಾ. ಸಂತೆಯ ದಿನ, ಆಕೆ ತರಕಾರಿ ತುಂಬಿದ ಚೀಲ ಹಿಡಿದೇ ಬಂದಿದ್ದಳು.

ಒಂದನೇ ಕಲ್ಲು. ಎಡ ಬಲ, ಎಡ ಬಲ. ಎರಡನೇ ಕಲ್ಲು. ಎಡ ಬಲ, ಎಡ ಬಲ. ಸಾಹೇಬರ ಗದ್ದ ಮೇಲೇರಿತು, ಅಧ್ಯಕ್ಷರ ಹೊಟ್ಟೆ ಒಳಗೆ ಹೋಯಿತು. ಚಪ್ಪಾಳೆಯೋ ಚಪ್ಪಾಳೆ. “ನೋಡಿ, ನಮ್ಮ ವೀರ ಯೋಧರ ಹೆಜ್ಜೆ!” ಎಂದು ನಾನು ಮೈಕಿನಲ್ಲಿ ತಿಪ್ಪೇರುದ್ರಪ್ಪನವರ ದನಿಯಲ್ಲೇ ಸಾರಿದೆ. ಏಳು ಕಲ್ಲುಗಳ ಉದ್ದಕ್ಕೂ ಊರಿನ ಮಹನೀಯರೆಲ್ಲ ಹೆಡ್ ಮೇಷ್ಟ್ರಿಗೆ ಸಲಾಮು ಹೊಡೆಯಲು ಹೊರಟ ಏಳನೇ ಕ್ಲಾಸಿನವರ ಹಾಗೆ ನಡೆದರು. ಗುಂಪಿನಲ್ಲಿದ್ದ ಹಳೇ ವಿದ್ಯಾರ್ಥಿಗಳು ಕೆಲವರು ಯಾಕೋ ತಮಗೇ ತಿಳಿಯದೆ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಎಂಟನೇ ಕಲ್ಲು. ಸಾಹೇಬರು ಮೂರು ಹೆಜ್ಜೆ ಹಾಕಿ ನಿಂತರು. ಹಿಂದಿರುಗಿ ನೋಡಿದರು. ಅಷ್ಟೇ ಆಗಿದ್ದರೆ ಅದು ನನ್ನ ವೇದಿಕೆಯ ಮಿಮಿಕ್ರಿಯೇ. ಆದರೆ ಅವರ ಬಲಗೈ ತಾನಾಗಿ ಹಿಂದಕ್ಕೆ ಚಾಚಿತು, ಅಂಗೈ ಮೇಲಾಗಿ, ಬೆರಳು ಬಿಡಿಸಿ. ಏನನ್ನೋ ಕೊಡು ಎನ್ನುವ ಹಾಗೆ. ಅಧ್ಯಕ್ಷರಿಗೆ ಗಾಬರಿ. ಭಾಷಣದ ಹಾಳೆ ಕೇಳುತ್ತಿದ್ದಾರೆಂದು ಜೇಬಿನಿಂದ ತೆಗೆದು ಕೊಟ್ಟರು. ಕೊಡುತ್ತಲೇ ತಾವೂ ಕಲ್ಲು ತುಳಿದರು. ಮೂರು ಹೆಜ್ಜೆ, ನಿಂತರು, ಹಿಂದಿರುಗಿ ನೋಡಿದರು, ಕೈ ಚಾಚಿದರು. ಹಿಂದಿದ್ದವನು ಅವರ ಅಂಗೈಗೆ ಹಾರ ಇಟ್ಟ. ಅವನ ಅಂಗೈಗೆ ಅವನ ಹಿಂದಿನವನು ಶಾಲು ಇಟ್ಟ. ಶಾಲಿನವನಿಗೆ ಹಣ್ಣಿನ ಬುಟ್ಟಿ ಬಂತು. ಜನ್ಮದಲ್ಲಿ ಇನ್ನೊಬ್ಬರ ಭಾರ ಹೊರದ ಮಂದಿಯೆಲ್ಲ ಮೂರು ಹೆಜ್ಜೆಗೊಮ್ಮೆ ನಿಂತು, ಹಿಂದಿನವರು ಬಂದರೇ ಎಂದು ತಿರುಗಿ ನೋಡುತ್ತ, ಅವರ ಕೈಯ ಭಾರವನ್ನು ತಾವು ಇಸಿದುಕೊಳ್ಳುತ್ತ ಗೇಟಿನ ಕಡೆಗೆ ಸಾಗಿದರು. ಜನ ಚಪ್ಪಾಳೆ ಮರೆತು ನಿಂತರು. ನಗುವುದೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಬೇಲಿಯಾಚೆ ಶರೀಫ್ ಸಾಬರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದರು.

ನಾನು ಮೈಕನ್ನು ಹುಲ್ಲಿನ ಮೇಲಿಟ್ಟು ಕಲ್ಲು ತುಳಿದೆ.

ಮೂರು ಹೆಜ್ಜೆ. ನನ್ನ ಕಾಲು ನನ್ನದಾಗಿರಲಿಲ್ಲ, ಮೊಣಕಾಲಲ್ಲಿ ಏರುದಾರಿಯ ಹಳೇ ನೋವಿತ್ತು. ನಿಂತೆ. ತಿರುಗಿ ನೋಡಿದೆ. ಹೊನ್ನೂರಮ್ಮ ಕಲ್ಲನ್ನು ತುಳಿಯದೆ ಬದಿಯ ಹುಲ್ಲಿನ ಮೇಲೆ ಬರುತ್ತಿದ್ದಳು. ನನ್ನ ಕೈ ಹಿಂದಕ್ಕೆ ಹೋಯಿತು. ಅಂದು ವೇದಿಕೆಯ ಮೇಲೆ ನಾನು ಮರೆತಿದ್ದು ಇದನ್ನೇ. ಆಕೆ ನನ್ನ ಮುಖವನ್ನು ನೋಡಲೇ ಇಲ್ಲ. ಏನೂ ಯೋಚಿಸದೆ, ಇಪ್ಪತ್ತೆಂಟು ವರ್ಷದ ಅಭ್ಯಾಸದಿಂದ, ಸಂತೆಯ ಚೀಲವನ್ನು ಅಂಗೈಗೆ ತೂಗಿಬಿಟ್ಟು, “ಹೂಂ, ನಡೀರಿ,” ಎಂದಳು.

ನನಗೆ ಯಾರೂ ಎಂದೂ ‘ರಿ’ ಹಚ್ಚಿರಲಿಲ್ಲ.

ಮತ್ತೆ ಮೂರು. ಆಕೆ ಬರುತ್ತಿದ್ದಳು. ಮತ್ತೆ ಮೂರು. ಬರುತ್ತಿದ್ದಳು, ಸೆರಗಿನ ತುದಿ ಬಾಯಿಗಿಟ್ಟುಕೊಂಡು. ಕೊನೆಯ ಮೂರು. ಹನ್ನೆರಡು ಮುಗಿದು ನನ್ನ ಕಾಲು ನನಗೆ ವಾಪಸಾಯಿತು. ನಾನು ನಿಲ್ಲಿಸಬಹುದಿತ್ತು. ಆದರೆ ಆಕೆಯ ಮುಖ ನೋಡಿ ಮನಸ್ಸಾಗಲಿಲ್ಲ. ಇನ್ನೂ ಮೂರು ಹೆಜ್ಜೆ ಅವನ ಹಾಗೆಯೇ ಹಾಕಿ, ನಿಂತು, ಕತ್ತು ತಿರುಗಿಸಿ, ಖಾಲಿಯಿದ್ದ ಇನ್ನೊಂದು ಕೈಯನ್ನೂ ಹಿಂದಕ್ಕೆ ಚಾಚಿದೆ. ಈ ಸಲ ಕೈ ಮರೆಯಲಿಲ್ಲ. ಇದಕ್ಕಿಂತ ಚೆನ್ನಾಗಿ ನಾನು ಜೀವಮಾನದಲ್ಲಿ ಯಾರನ್ನೂ ಅನುಕರಿಸಿಲ್ಲ.

ಆಕೆ ಅಂಗೈಗೆ ಫಟ್ಟನೆ ಒಂದು ಏಟು ಕೊಟ್ಟಳು. “ಕಲ್ಲು ಮುಗೀತು ಕಣೋ, ಪಾಲಾಕ್ಷ. ಇದು ನಿನ್ನ ಮಿಮಿಕ್ರಿ.”

“ಹೆಂಗೆ ಗೊತ್ತಾಯ್ತು ದೊಡ್ಡಮ್ಮ?”

“ಒಂದ್ಸಲ ಚೀಲ ಇಸ್ಕೊಂಡ ಮೇಲೆ ಅವರು ಮತ್ತೆ ಕೈ ಚಾಚ್ತಿರಲಿಲ್ಲ. ನೋಡ್ತಿದ್ರು ಅಷ್ಟೆ.” ಕಣ್ಣೊರೆಸಿಕೊಂಡು ಚೀಲಕ್ಕೆ ಕೈ ನೀಡಿದಳು. “ಕೊಡಿಲ್ಲಿ.”

ನಾನು ಕೊಡಲಿಲ್ಲ. ವಠಾರದ ತನಕ ಹೊತ್ತೆ. ದಾರಿಯಲ್ಲಿ ಎಷ್ಟು ಸಲ ತಿರುಗಿ ನೋಡ್ತೀಯೋ, ಬೇಗ ನಡಿ, ತರಕಾರಿ ಬಾಡುತ್ತೆ ಎಂದು ಆಕೆ ಬೈಯುತ್ತಲೇ ಬಂದಳು.